ವೆರೋನಾದ ಗುಡ್ಡ ಯಾವ ದಡದಲ್ಲಿತ್ತು

ಇಟಲಿಯಿಂದ ಬಂದ ಸಿ.ಡಿ.ಯಲ್ಲಿ ಹನ್ನೊಂದು ಡ್ರಾಯಿಂಗುಗಳಿದ್ದವು. ಅದನ್ನು ನನ್ನ ಮೇಜಿನ ಮೇಲಿಟ್ಟು ನಮ್ಮ ಪ್ರಾಜೆಕ್ಟ್ ಮ್ಯಾನೇಜರು ಹೇಳಿದ್ದು ಇಷ್ಟೇ: ಇದೊಂದು ನದಿ, ಇದನ್ನು ನೆಲದ ಮೇಲೆ ಇಳಿಸಬೇಕು, ಭಾನುವಾರದೊಳಗೆ ಹಾಳೆಗಳು ವರ್ಕ್‌ಶಾಪಿಗೆ ಹೋಗಬೇಕು.

ನದಿಯ ಹೆಸರು ಆದಿಜೆ. ಅದುವರೆಗೆ ನಾನು ಆ ಹೆಸರನ್ನೇ ಕೇಳಿರಲಿಲ್ಲ. ಆಲ್ಪ್ಸ್ ಪರ್ವತದಲ್ಲಿ, ಆಸ್ಟ್ರಿಯಾದ ಗಡಿಯ ಹತ್ತಿರ ರೇಸಿಯಾ ಎಂಬಲ್ಲಿ ಅದು ಹುಟ್ಟುತ್ತದೆ. ಅಲ್ಲೊಂದು ಅಣೆಕಟ್ಟು ಕಟ್ಟಿ ಊರನ್ನೇ ಮುಳುಗಿಸಿದ್ದಾರೆ; ಹಳೆಯ ಇಗರ್ಜಿಯ ಗಂಟೆಗೋಪುರ ಮಾತ್ರ ಈಗಲೂ ಸರೋವರದ ನೀರಿನಿಂದ ಮೇಲೆದ್ದು ನಿಂತಿದೆ. ಅಲ್ಲಿಂದ ನದಿ ಮೆರಾನೊ ದಾಟಿ, ಕೋಟೆಯಿರುವ ಟ್ರೆಂಟೊ ಊರಿಗೆ ಬರುತ್ತದೆ. ಆಮೇಲೆ ರೊವೆರೆತೊ, ಅಲ್ಲಿ ಯುದ್ಧದ ಫಿರಂಗಿಗಳನ್ನು ಕರಗಿಸಿ ಎರಕ ಹೊಯ್ದ ದೊಡ್ಡ ಗಂಟೆಯಿದೆಯಂತೆ. ಆಮೇಲೆ ವೆರೋನಾ. ಅಲ್ಲಿ ನದಿ ಊರನ್ನು ಹಾವಿನ ಹಾಗೆ ಸುತ್ತಿಕೊಂಡು ಹೊರಬಿದ್ದು, ಬಯಲಿಗಿಳಿದು, ಕಿಯೊಜಾದ ಕೆಳಗೆ ಸಮುದ್ರ ಸೇರುತ್ತದೆ. ಇಷ್ಟನ್ನೂ ನಲವತ್ತು ಮೀಟರ್ ಉದ್ದದ ಹಜಾರದ ನೆಲದಲ್ಲಿ ಬಣ್ಣದ ಕಲ್ಲಿನ ಚೂರುಗಳಿಂದ ಮೂಡಿಸಬೇಕಿತ್ತು. ಮಧ್ಯೆ ಮಧ್ಯೆ ಒಂದೊಂದು ಊರಿಗೆ ಒಂದೊಂದು ದೊಡ್ಡ ವೃತ್ತ. ಎಲ್ಲಕ್ಕಿಂತ ದೊಡ್ಡದು, ಮೂರು ಮೀಟರ್ ಅಗಲದ್ದು, ವೆರೋನಾದ್ದು.

ಕತಾರಿನ ಅಲ್ ವಕ್ರಾದ ಕಡಲ ಬದಿಯಲ್ಲಿ, ಈ ಹಜಾರವಿದ್ದ ಅತಿಥಿಗೃಹವನ್ನು ಕಟ್ಟಿಸುತ್ತಿದ್ದವರು ಅಮೃತಶಿಲೆಯ ವ್ಯಾಪಾರದ ಹಿರಿಯರೊಬ್ಬರು. ಅವರು ಪ್ರಾಯದಲ್ಲಿ ಕಲ್ಲಿನ ಕೆಲಸ ತಿಳಿದುಕೊಳ್ಳಲು ವೆರೋನಾಕ್ಕೆ ಹೋಗಿ ಆರು ತಿಂಗಳು ಇದ್ದರಂತೆ. ಅದರ ನೆನಪಿಗೇ ಈ ನೆಲ. ನಾನು ಇದ್ದದ್ದು ಅವರ ಒಳಾಂಗಣದ ಕೆಲಸ ಹಿಡಿದಿದ್ದ ಕಂಪೆನಿಯಲ್ಲಿ, ಡ್ರಾಯಿಂಗ್ ವಿಭಾಗದಲ್ಲಿ. ಆಗ ಕತಾರಿನ ತುಂಬ ಕಟ್ಟಡಗಳು ಏಳುತ್ತಿದ್ದವು. ಒಬ್ಬೊಬ್ಬರು ಮೂವರ ಕೆಲಸ ಮಾಡುತ್ತಿದ್ದೆವು, ಹಾಗೆ ಮಾಡುತ್ತಿದ್ದೇವೆ ಎಂಬ ಜಂಬವೂ ಇತ್ತು.

ಮೊಸಾಯಿಕ್ ಮಾಡುವ ಒಂದು ಕ್ರಮವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನನ್ನ ತಪ್ಪು ಅದರೊಳಗೇ ಇದೆ. ದೊಡ್ಡ ನೆಲವನ್ನು ಸೈಟಿನಲ್ಲಿ ಚೂರು ಚೂರಾಗಿ ಕೂರಿಸುತ್ತ ಕುಳಿತರೆ ವರ್ಷ ಬೇಕು. ಆದ್ದರಿಂದ ವರ್ಕ್‌ಶಾಪಿನಲ್ಲಿ ಚಿತ್ರವನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ, ಕಲ್ಲುಗಳನ್ನು ಮುಖ ಕೆಳಗಾಗಿ ಆ ಕಾಗದಕ್ಕೆ ಅಂಟಿಸುತ್ತಾರೆ. ಒಣಗಿದ ಹಾಳೆಗಳನ್ನು ಸೈಟಿಗೆ ತಂದು, ಮಗುಚಿ, ಗಾರೆಯ ಮೇಲೆ ಒತ್ತುತ್ತಾರೆ. ಗಾರೆ ಹಿಡಿದ ಮೇಲೆ ಒದ್ದೆ ಸ್ಪಂಜಿನಿಂದ ಕಾಗದವನ್ನು ನೆನೆಸಿ ಸುಲಿದರೆ ಕಲ್ಲಿನ ಮುಖ ಕಾಣುತ್ತದೆ. ಮಗುಚುವಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಾಗಾಗಿ ಕಾಗದದ ಮೇಲಿನ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿಯೇ ಇರಬೇಕು. ಕಂಪ್ಯೂಟರಿನಲ್ಲಿ ಅದು ಒಂದೇ ಆಜ್ಞೆಯ ಕೆಲಸ. ಹಿಂದೆ ಎರಡು ಕಟ್ಟಡಗಳಿಗೆ ಮಾಡಿದ್ದೆ. ಇಲ್ಲಿಯೂ ಹನ್ನೊಂದು ಡ್ರಾಯಿಂಗುಗಳನ್ನು ಒಂದಾದ ಮೇಲೊಂದು ತಿರುಗಿಸಿ, ಹಾಳೆಗಳಾಗಿ ಕತ್ತರಿಸಿ, ಸಂಖ್ಯೆ ಕೊಟ್ಟು, ಪ್ರತಿಯೊಂದಕ್ಕೂ ಸಹಿ ಹಾಕಿ ಕಳಿಸಿದೆ.

ಇಟಲಿಯವರ ಪ್ರತಿ ಡ್ರಾಯಿಂಗಿನ ಮೂಲೆಯಲ್ಲಿ ಇಟಾಲಿಯನ್ ಭಾಷೆಯ ಸಣ್ಣ ಸಾಲೊಂದಿತ್ತು. ಕಾಪಿರೈಟಿನ ವಿಷಯ ಇರಬೇಕು ಎಂದುಕೊಂಡು ಅಳಿಸಿದ್ದೆ.

ವರ್ಕ್‌ಶಾಪ್ ಇದ್ದದ್ದು ಇಂಡಸ್ಟ್ರಿಯಲ್ ಏರಿಯಾದ ಒಂದು ತಗಡಿನ ಶೆಡ್ಡಿನಲ್ಲಿ. ಅಲ್ಲಿನ ಮೇಸ್ತ್ರಿ ಇಳಕಲ್ಲಿನವರು, ಐವತ್ತು ದಾಟಿದವರು. ಊರಿನಲ್ಲಿ ಗ್ರಾನೈಟ್ ಕ್ವಾರಿಯಲ್ಲಿ ಬೆಳೆದು, ಮುಂಬಯಿಯಲ್ಲಿ ಮೊಸಾಯಿಕ್ ಕಲಿತು ಇಲ್ಲಿಗೆ ಬಂದಿದ್ದರು. ಕೈಯಲ್ಲಿ ಇಕ್ಕಳ ಹಿಡಿದರೆ ಕಲ್ಲು ಅವರು ಹೇಳಿದ ಕಡೆಗೇ ಒಡೆಯುತ್ತಿತ್ತು. ನಾನು ಸುರತ್ಕಲ್ಲಿನ ತುಳುವಳು, ನನ್ನ ಕನ್ನಡ ಶಾಲೆಯಲ್ಲಿ ಕಲಿತದ್ದು. ಅವರ ಕನ್ನಡ ನನಗೆ ಮೊದಮೊದಲು ಅರ್ಧ ಮಾತ್ರ ತಿಳಿಯುತ್ತಿತ್ತು. ಆದರೂ ಕನ್ನಡದವರು ಎಂದು ಅವರು ನನ್ನಲ್ಲಿ ಸಲಿಗೆಯಿಂದಿದ್ದರು.

ಹಾಳೆಗಳು ಹೋದ ಮೂರನೆಯ ದಿನ ನಾನು ಶೆಡ್ಡಿಗೆ ಹೋದಾಗ ವೆರೋನಾದ ವೃತ್ತ ಮೇಜಿನ ಮೇಲಿತ್ತು. ಬಣ್ಣ ಹೊಂದಿಸಲೆಂದು ಇಟಲಿಯವರು ಕಳಿಸಿದ್ದ ಫೋಟೋವನ್ನು ಮೇಸ್ತ್ರಿ ಅದರ ಪಕ್ಕದಲ್ಲಿ ಅಂಟಿಸಿದ್ದರು. ಫೋಟೋದಲ್ಲಿ ಹಳೆಯ ಕಲ್ಲಿನ ಸೇತುವೆ. ಎರಡು ಕಮಾನು ಬಿಳಿ ಕಲ್ಲಿನವು, ರೋಮನ್ನರ ಕಾಲದವು. ಉಳಿದವು ಕೆಂಪು ಇಟ್ಟಿಗೆಯವು. ಬಿಳಿ ಕಮಾನುಗಳ ಕಡೆ ದಡದಲ್ಲಿ ಸೈಪ್ರೆಸ್ ಮರಗಳ ಗುಡ್ಡ.

"ಮೇಡಮ್ಮಾರ, ಒಂದು ಮಾತು ಕೇಳ್ಲೇನ್ರಿ?" ಎಂದರು ಮೇಸ್ತ್ರಿ. "ಈ ಫೋಟೋದಾಗ ಹೆಂಗೈತೋ ನಮ್ಮ ಹಾಳಿಯೊಳಗೂ ಹಂಗ ಐತ್ರಿ. ಹಾಳಿ ಮಗಚಿದ್ರ ಗುಡ್ಡ ಆ ಕಡಿಗೆ ಹೋಗತೈತಿ. ತಿರುವಿದ್ದು ಹೌದಲ್ರಿ?"

ಅವರ ಪ್ರಶ್ನೆ ಸರಳವಾಗಿತ್ತು. ನಿಂತು ಎರಡು ನಿಮಿಷ ನೋಡಿದ್ದರೆ ಸಾಕಿತ್ತು. ಆದರೆ ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ; ಶೆಡ್ಡಿನಲ್ಲಿದ್ದ ಎಂಟು ಜನ ಕೆಲಸಗಾರರು ತಲೆಯೆತ್ತಿ ನನ್ನನ್ನೇ ನೋಡುತ್ತಿದ್ದರು. ಒಬ್ಬ ಮೇಸ್ತ್ರಿ ನನಗೆ ಡ್ರಾಯಿಂಗ್ ಕಲಿಸುವುದು ನನಗೆ ಬೇಕಿರಲಿಲ್ಲ. ಫೋಟೋ ನದಿ ಹರಿದು ಬರುವ ಕಡೆಯಿಂದ ತೆಗೆದರೆ ಗುಡ್ಡ ಒಂದು ಕಡೆ, ಹರಿದು ಹೋಗುವ ಕಡೆಯಿಂದ ತೆಗೆದರೆ ಇನ್ನೊಂದು ಕಡೆ ಕಾಣುತ್ತದೆ ಎಂದೆ. "ನೀವು ಡ್ರಾಯಿಂಗ್ ಫಾಲೋ ಮಾಡಿ, ಸಾಕು. ತಿರುಗಿಸಿಯೇ ಕೊಟ್ಟದ್ದು ನಾನು."

"ಆತ್ರಿ," ಎಂದು ಅವರು ಇಕ್ಕಳ ತೆಗೆದುಕೊಂಡರು.

ಸೈಟಿನ ಕೆಲಸ ಪರ್ವತದ ತುದಿಯಿಂದ ಶುರುವಾಯಿತು. ಸೆಪ್ಟೆಂಬರಿನ ಸೆಕೆ; ಕಟ್ಟಡಕ್ಕೆ ಇನ್ನೂ ಎ.ಸಿ. ಚಾಲೂ ಆಗಿರಲಿಲ್ಲ; ಕಡಲಿನಿಂದ ಬರುವ ಗಾಳಿಯಲ್ಲಿ ನೀರೇ ಇರುತ್ತಿತ್ತು. ಆ ತೇವಕ್ಕೆ ಅಂಟು ಸಡಿಲವಾಗಿ ಟ್ರೆಂಟೊದ ಕೋಟೆಯ ಎರಡು ಹಾಳೆಗಳು ಎತ್ತುವಾಗಲೇ ಕುಸಿದು, ಸಾವಿರಾರು ಚೂರುಗಳು ನೆಲಕ್ಕೆ ಚೆಲ್ಲಿದವು. ಅವನ್ನು ಬಣ್ಣ ನೋಡಿ ಆರಿಸಿ ಮತ್ತೆ ಅಂಟಿಸಲು ಆರು ದಿನ ಹೋಯಿತು. ಮೇಸ್ತ್ರಿ ಅಂಟಿಗೆ ಹಿಟ್ಟಿನ ಪಾಕ ಹೆಚ್ಚು ಮಾಡಿ, ಹಾಳೆಗಳನ್ನು ಸಣ್ಣದಾಗಿ ಕತ್ತರಿಸಿಕೊಂಡರು. ನಾನು ಹೊಸ ಸಂಖ್ಯೆಗಳ ನಕ್ಷೆ ಮಾಡಿಕೊಟ್ಟೆ. ಆ ಆರು ದಿನ ನಾವಿಬ್ಬರೂ ಒಳ್ಳೆಯ ಜೋಡಿಯಾಗಿ ಕೆಲಸ ಮಾಡಿದೆವು. ಅದನ್ನು ನೆನೆಸಿಕೊಂಡರೆ ಈಗ ಮುಜುಗರ ಇನ್ನೂ ಹೆಚ್ಚು.

ವೆರೋನಾ ಕೂತ ಎರಡು ದಿನಕ್ಕೆ ಇಟಲಿಯಿಂದ ಇನ್ನೊಂದು ಫೈಲು ಬಂತು. ಊರುಗಳ ಹೆಸರನ್ನು ಹಿತ್ತಾಳೆಯ ಅಕ್ಷರಗಳಲ್ಲಿ ನೆಲಕ್ಕೆ ಕೂರಿಸಬೇಕಿತ್ತು. ಯಾವ ಅಕ್ಷರ ಎಲ್ಲಿ ಬರಬೇಕು ಎಂಬ ಗುರುತು ಅದರಲ್ಲಿತ್ತು. ಅದನ್ನು ಕೂತ ನೆಲದ ನನ್ನ ನಕ್ಷೆಯ ಮೇಲೆ ಇಟ್ಟು ನೋಡಿದೆ. ಟ್ರೆಂಟೊ ಎಂಬ ಹೆಸರು ನೀರಿನೊಳಗೆ ಬಿತ್ತು. ವೆರೋನಾ ಸೇತುವೆಯ ಮೇಲೆ ಬಿತ್ತು. ರೊವೆರೆತೊ ನದಿಯ ಆಚೆ ಬೆಟ್ಟದ ಮೇಲೆ ಹೋಗಿ ಕುಳಿತಿತು.

ಅವರೇ ಏನೋ ತಪ್ಪು ಕಳಿಸಿದ್ದಾರೆ ಎಂದು ಬೈದುಕೊಂಡು ಹಳೆಯ ಸಿ.ಡಿ. ಮತ್ತೆ ತೆಗೆದೆ. ಮೂಲೆಯ ಆ ಸಾಲನ್ನು ಕಂಪ್ಯೂಟರಿನಲ್ಲಿ ಅನುವಾದ ಮಾಡಿಸಿದಾಗ ಹೀಗಿತ್ತು: ಹಿಂಬದಿಯಿಂದ ಕಂಡ ಚಿತ್ರ, ಆಗಲೇ ತಿರುಗಿಸಲಾಗಿದೆ.

ಅಂದರೆ ಅವರು ಒಮ್ಮೆ ತಿರುಗಿಸಿ ಕಳಿಸಿದ್ದನ್ನು ನಾನು ಇನ್ನೊಮ್ಮೆ ತಿರುಗಿಸಿ ನೇರ ಮಾಡಿದ್ದೆ. ಅದನ್ನು ಮಗುಚಿದಾಗ ನದಿಯೇ ಉಲ್ಟಾ ಆಗಿತ್ತು. ಮನೆಗೆ ಹೋಗಿ ಇಂಟರ್ನೆಟ್ಟಿನಲ್ಲಿ ಉಪಗ್ರಹದ ಚಿತ್ರ ತೆಗೆದು ನೋಡಿದೆ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ವೆರೋನಾದ ಗುಡ್ಡ ಎಡಗೈಯ ಕಡೆ ಇರಬೇಕು. ನಮ್ಮ ನೆಲದಲ್ಲಿ ಬಲಗೈಯ ಕಡೆ ಇತ್ತು. ಟ್ರೆಂಟೊದ ಕೋಟೆಯೂ ಹಾಗೆಯೇ. ಎಲ್ಲ ಊರುಗಳೂ ಒಂದು ದಡದಿಂದ ಎದ್ದು ಇನ್ನೊಂದು ದಡಕ್ಕೆ ಬಂದಿದ್ದವು.

ಗಂಡನಿಗೆ ಹೇಳಲಿಲ್ಲ. ಅವರು ಮೆಸಾಯಿದಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದು ಊಟ ಮಾಡುತ್ತ ಏನು ಕೆಲಸ ಎಂದು ಕೇಳಿದಾಗ, ಅಕ್ಷರ ಕೂರಿಸುವ ಕೆಲಸ ಎಂದೆ.

ಮರುದಿನ ಸೈಟಿನಲ್ಲಿ ಮೇಸ್ತ್ರಿಯನ್ನು ಕೇಳಿದೆ, ವೆರೋನಾದ ಹಾಳೆಗಳು ಯಾವುದಾದರೂ ಇನ್ನೂ ಕೂರಿಸದೆ ಉಳಿದಿವೆಯೇ ಎಂದು. ಎಲ್ಲ ಕೂತಾಯಿತು, ಯಾಕೆ ಎಂದರು. ಸುಮ್ಮನೆ ಎಂದೆ. ನನ್ನ ಕೈಯಲ್ಲಿ ಉಪಗ್ರಹ ಚಿತ್ರದ ಪ್ರಿಂಟು ಸುರುಳಿಯಾಗಿತ್ತು. ಅವರು ಅದನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಆ ದಿನವೇ ಅವರಿಗೆ ತಿಳಿಯಿತು ಎಂದು ನನಗೂ ತಿಳಿಯಿತು.

ಆಫೀಸಿಗೆ ಬಂದು ನಾನು ಮಾಡಿದ ಕೆಲಸವನ್ನು ಇಂದಿಗೂ ಯಾರ ಮುಂದೆಯೂ ಹೇಳಿಕೊಂಡಿಲ್ಲ. ಹಿತ್ತಾಳೆ ಅಕ್ಷರಗಳ ಗುರುತುಗಳನ್ನೂ ತಿರುಗಿಸಿದೆ. ಒಂದೊಂದನ್ನೇ ಸರಿಸಿ, ತಪ್ಪಾಗಿದ್ದ ನೆಲಕ್ಕೆ ಸರಿಯಾಗಿ ಹೊಂದುವ ಹಾಗೆ ಮಾಡಿದೆ. ಈ ಮರಳುಗಾಡಿನಲ್ಲಿ ಯಾರಿಗೆ ಆದಿಜೆ ನದಿಯ ಎಡದಂಡೆ ಬಲದಂಡೆ ಗೊತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಅಚ್ಚುಕಟ್ಟಾದ ಕೆಲಸವಾಗಿತ್ತು, ಒಂದು ಅಕ್ಷರವೂ ನೀರಿಗೆ ಬೀಳಲಿಲ್ಲ.

ಗೊತ್ತಿದ್ದ ಒಬ್ಬರು ಮುಂದಿನ ವಾರ ಬಂದರು. ಬೆಳಿಗ್ಗೆ ಹತ್ತರ ಹೊತ್ತು. ಮಾಲೀಕರು, ಅವರ ಮಗ, ನಮ್ಮ ಮ್ಯಾನೇಜರು. ಮಾಲೀಕರಿಗೆ ಎಪ್ಪತ್ತರ ಮೇಲೆ. ತೆಳ್ಳಗಿನ ಎತ್ತರದ ಮನುಷ್ಯ. ಚಿಕ್ಕಂದಿನಲ್ಲಿ ತಂದೆಯ ಜೊತೆ ಮುಂಬಯಿಗೆ ಬಂದುಹೋಗಿದ್ದರಿಂದ ಹಿಂದಿ ಚೆನ್ನಾಗಿಯೇ ಆಡುತ್ತಿದ್ದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲದ ಮೇಲೆ ಕಾಲಿಟ್ಟರು. ರೇಸಿಯಾದ ಗೋಪುರದ ಹತ್ತಿರ ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದರು. ಮೂಲೆಯಲ್ಲಿ ಕಲ್ಲಿನ ಸಂದುಗಳಿಗೆ ಗ್ರೌಟ್ ತುಂಬುತ್ತಿದ್ದ ಮೇಸ್ತ್ರಿಗೆ ಕೈಯೆತ್ತಿ ಸಲಾಮು ಹೇಳಿದರು. ನೀರಿನ ಜೊತೆಯಲ್ಲೇ ನಡೆಯುತ್ತ ಬಂದು ವೆರೋನಾದ ವೃತ್ತದಲ್ಲಿ ನಿಂತರು.

ಅಲ್ಲಿ ಅವರು ಬಹಳ ಹೊತ್ತು ನಿಂತರು. ಸೇತುವೆಯ ಮೇಲೆ ಒಂದು ಕಾಲಿಟ್ಟು ಆಚೆ ನೋಡಿದರು, ತಿರುಗಿ ಈಚೆ ನೋಡಿದರು. ಆಮೇಲೆ ಹಿಂದಿಯಲ್ಲಿ ನನ್ನನ್ನು ಕೇಳಿದರು: ನನ್ನ ಕೋಣೆ ಊರಿನೊಳಗೆ, ಈ ಕಡೆ ಇತ್ತು. ಬೆಳಗಿನ ಫಜರ್ ನಮಾಜು ಮುಗಿಸಿ ದಿನವೂ ಈ ಸೇತುವೆ ದಾಟಿ ಗುಡ್ಡ ಹತ್ತುತ್ತಿದ್ದೆ. ದಾಟುವಾಗ ಸೂರ್ಯ ಮುಖದ ಮೇಲೆ ಬೀಳುತ್ತಿದ್ದ. ಈ ನೆಲದಲ್ಲಿ ಗುಡ್ಡದ ಕಡೆ ದಾಟಿದರೆ ಬೆನ್ನಿಗೆ ಬೀಳುತ್ತಾನೆ. ಗುಡ್ಡ ಆಚೆ ದಡದಲ್ಲಿ ಇರಬೇಕಲ್ಲ ಮಗಳೇ?

ಮ್ಯಾನೇಜರು ನನ್ನತ್ತ ನೋಡಿದರು. ಮಗನೂ ನೋಡಿದ. ಆಗ ನನ್ನ ಬಾಯಿಂದ ಬಂದ ಮಾತು ನಡುಗಲಿಲ್ಲ, ತೊದಲಲಿಲ್ಲ.

"ಇಲ್ಲ ಸರ್. ಡ್ರಾಯಿಂಗ್ ಇಟಲಿಯಿಂದಲೇ ಬಂದದ್ದು. ಇದು ಸರಿ ಇದೆ."

ಹಿರಿಯರು ಮತ್ತೊಮ್ಮೆ ನೆಲ ನೋಡಿದರು. ಅವರ ಬಲಗೈ ಮುಖದ ಮುಂದೆ ಬಂದು ನಿಂತಿತು, ಸೂರ್ಯನಿಗೆ ಅಡ್ಡ ಹಿಡಿಯುವ ಹಾಗೆ. ಆಮೇಲೆ ಅದನ್ನು ಇಳಿಸಿದರು. ಮಗ ಅವರ ಮೊಣಕೈ ಹಿಡಿದು ಅರಬ್ಬಿಯಲ್ಲಿ ಮೆಲ್ಲಗೆ ಏನೋ ಹೇಳಿದ. ಅದರಲ್ಲಿ ನನಗೆ ತಿಳಿದದ್ದು ಒಂದೇ ಶಬ್ದ, ಖಲಾಸ್, ಅಂದರೆ ಸಾಕು. ಹಿರಿಯರು ನನ್ನ ಕಡೆ ತಿರುಗಿ, ಮಾಫಿ ಮುಷ್ಕಿಲ್, ಪರವಾಗಿಲ್ಲ, ನಾನೇ ಮರೆತಿರಬೇಕು, ನಲವತ್ತು ವರ್ಷದ ಮಾತು, ನಿಮ್ಮ ಕೆಲಸ ಚೆನ್ನಾಗಿದೆ ಎಂದರು. ಅವರೇ ನನ್ನಲ್ಲಿ ತಪ್ಪಾಯಿತು ಎನ್ನುವ ದನಿಯಲ್ಲಿ ಹೇಳಿದರು. ಸಮುದ್ರದ ತುದಿಯವರೆಗೆ ಹೋಗದೆ ಅಲ್ಲಿಂದಲೇ ಹಿಂದಿರುಗಿದರು.

ಮೇಸ್ತ್ರಿ ಗ್ರೌಟಿನ ಬಾಂಡ್ಲಿಯನ್ನು ಎತ್ತಿಕೊಂಡು ಹೊರಗೆ ಹೋದರು. ಅದು ಇನ್ನೂ ಅರ್ಧ ತುಂಬಿತ್ತು.

ಹತ್ತು ದಿನ ಕಳೆದು ದೀಪಗಳ ವಿಷಯ ಮಾತಾಡಲು ಮಗ ಒಬ್ಬನೇ ಸೈಟಿಗೆ ಬಂದ. ಒಳ್ಳೆಯ ಇಂಗ್ಲಿಷ್ ಆಡುವ, ಮೃದು ಮಾತಿನ ಮನುಷ್ಯ. ಕೆಲಸದ ಮಾತು ಮುಗಿದ ಮೇಲೆ, ಅವತ್ತು ತಂದೆ ಹೇಳಿದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ. ಈ ವರ್ಷ ಅವರು ಸಣ್ಣಪುಟ್ಟದ್ದನ್ನು ಮರೆಯತೊಡಗಿದ್ದರಂತೆ. ಡಾಕ್ಟರು ಕಣ್ಣಿಟ್ಟಿರಿ ಎಂದಿದ್ದರಂತೆ. ತಂದೆ ಮಾತ್ರ ತನಗೇನೂ ಆಗಿಲ್ಲ ಎಂದು ಹಟ ಹಿಡಿದಿದ್ದರು; ಹೊಸತು ಮರೆತರೂ ಹಳೆಯದೆಲ್ಲ ಗಟ್ಟಿಯಾಗಿದೆ ಎನ್ನುತ್ತಿದ್ದರು. ಈ ನೆಲ ನೋಡಿ ಮನೆಗೆ ಹೋದ ಸಂಜೆ ಕಾರಿನ ಕೀಲಿ ತಾವೇ ತಂದು ಮಗನ ಕೈಗಿಟ್ಟರಂತೆ. ಅಂಗಡಿಗೂ ಬರುತ್ತಿಲ್ಲವಂತೆ. "ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅವರು ಒಪ್ಪಿಕೊಂಡರಲ್ಲ," ಎಂದ ಮಗ.

ನಾನು ದೀಪದ ಪಟ್ಟಿಯನ್ನೇ ನೋಡುತ್ತ ನಿಂತೆ. ಅವನು ಹೋದ ಮೇಲೆ ಮಹಿಳೆಯರಿಗೆಂದು ಬಿಟ್ಟಿದ್ದ ಕೋಣೆಗೆ ಹೋಗಿ, ನಲ್ಲಿ ಬಿಟ್ಟು, ನೀರಿನಡಿ ಕೈಯಿಟ್ಟುಕೊಂಡು ನಿಂತಿದ್ದೆ. ಅಲ್ಲಿಂದ ಹೊರಗೆ ಬಂದಾಗ ಮೇಸ್ತ್ರಿ ಬಾಗಿಲ ಹತ್ತಿರ ಕರಕ್ ಚಹಾದ ಕಪ್ಪು ಹಿಡಿದು ಕೂತಿದ್ದರು. ಮಗನ ಇಂಗ್ಲಿಷ್ ಅವರಿಗೆ ಅಷ್ಟು ತಿಳಿದಿರಲಿಕ್ಕಿಲ್ಲ. ಮುದುಕರು ಯಾಕೆ ಬರಲಿಲ್ಲ ಎಂದು ಕೇಳಿದರು. ಏಕೋ ಗೊತ್ತಿಲ್ಲ, ಮಗ ಹೇಳಿದ್ದೆಲ್ಲವನ್ನೂ ಹೇಳಿಬಿಟ್ಟೆ, ಕೀಲಿಯ ವಿಷಯವನ್ನೂ.

ಅವರು ಚಹಾ ಮುಗಿಸಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ.

"ತಪ್ಪು ಕೂಡ್ಸೇವಿ ಅಂದ್ರ ಕಲ್ಲು ಕಿತ್ತಬಹುದ್ರಿ. ಅದ್ರಾಗ ನಂದೂ ಪಾಲೈತಿ, ಎರಡನೇ ಸಲ ಕೇಳಬೇಕಾಗಿತ್ತು, ಕೇಳ್ಲಿಲ್ಲ. ಆದ್ರ ಆ ಮನಶ್ಯಾಗ ನೀವು ಹೇಳಿದ್ರಲ್ಲ, ಅದನ್ನ ನಾನು ಕಿತ್ತಾಕ ಬರಂಗಿಲ್ರಿ. ನೀವ ಕೀಳಬೇಕು."

ಅದೇ ದಿನ ಆಫೀಸಿಗೆ ಹೋಗಿ ಮ್ಯಾನೇಜರಿಗೆ ಹೇಳಿದೆ. ಅವರು ಮೈಸೂರಿನವರು, ಕೂಗಾಡುವ ಸ್ವಭಾವದವರಲ್ಲ. ಉಪಗ್ರಹದ ಚಿತ್ರವನ್ನೂ ನನ್ನ ಡ್ರಾಯಿಂಗನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ನೋಡಮ್ಮ, ಹ್ಯಾಂಡ್‌ಓವರ್‌ಗೆ ಇನ್ನು ಹದಿನೆಂಟೇ ದಿನ ಇರೋದು. ಇಟಲಿಗೆ ಹೋಗಿ ನೋಡ್ಕೊಂಡು ಬರೋರು ಯಾರಿದ್ದಾರೆ? ಅವರ ಮನೆಯವರೇ ಸರಿ ಇದೆ ಅಂತಿದ್ದಾರೆ. ಬಿಟ್ಬಿಡು."

ಹದಿನೈದು ದಿನದ ಹಿಂದೆ ನಾನೇ ನನಗೆ ಹೇಳಿಕೊಂಡ ಮಾತು ಅದು. ಇನ್ನೊಬ್ಬರ ಬಾಯಿಂದ ಕೇಳಿದಾಗ ಅದನ್ನು ತಡೆದುಕೊಳ್ಳಲು ಆಗಲಿಲ್ಲ. ಅವರು ಹೇಳದಿದ್ದರೆ ನಾನೇ ಹೋಗಿ ಹೇಳುತ್ತೇನೆ ಎಂದೆ. ಕೆಲಸ ಹೋದರೆ ವೀಸಾ ಹೋಗುತ್ತದೆ ಎಂದು ಅವರು ನೆನಪಿಸಿದರು. ಹೆದರಿಸಲಿಕ್ಕಲ್ಲ, ನಿಜವಾಗಿ ಚಿಂತೆಯಿಂದಲೇ. ಗೊತ್ತಿದೆ ಎಂದೆ. ಕೊನೆಗೆ ಅವರೇ ಫೋನ್ ಎತ್ತಿ ಮಗನಿಗೆ ಡಯಲ್ ಮಾಡಿ ನನ್ನ ಕೈಗೆ ಕೊಟ್ಟರು. ತಂದೆಯನ್ನು ಒಂದು ಸಲ ಸೈಟಿಗೆ ಕರೆತನ್ನಿ, ಅವರಿಗೇ ಹೇಳಬೇಕಾದ ವಿಷಯ ಎಂದೆ.

ಮರುದಿನ ಬೆಳಿಗ್ಗೆ ಅವರು ಬಂದರು. ಈ ಸಲ ಮಗನ ತೋಳು ಹಿಡಿದುಕೊಂಡೇ ನಡೆದರು, ಚಪ್ಪಲಿಯನ್ನೂ ಬಿಡಲಿಲ್ಲ. ನಾನು ವೆರೋನಾದ ವೃತ್ತದ ಪಕ್ಕದಲ್ಲಿ ನೆಲದ ಮೇಲೆ ಉಪಗ್ರಹದ ಚಿತ್ರವನ್ನು ಹಾಸಿ, ಅದರ ನಾಲ್ಕು ಮೂಲೆಗೆ ಕಲ್ಲಿಟ್ಟಿದ್ದೆ. ಮೇಸ್ತ್ರಿ ಗೋಡೆಯ ಹತ್ತಿರ ನಿಂತಿದ್ದರು, ಮ್ಯಾನೇಜರು ನನ್ನ ಹಿಂದೆ. ನನ್ನ ಹಿಂದಿ ಅಷ್ಟೇನೂ ಚೆನ್ನಾಗಿರಲಿಲ್ಲ. ಆ ದಿನ ಇನ್ನೂ ಕೆಟ್ಟಿತು. ಆದರೂ ಹೇಳಿದೆ: ನೀವು ಹೇಳಿದ್ದೇ ಸರಿ. ಗುಡ್ಡ ಆಚೆ ದಡದಲ್ಲೇ ಇದೆ. ಸೂರ್ಯ ನಿಮ್ಮ ಮುಖದ ಮೇಲೆಯೇ ಬೀಳುತ್ತಿದ್ದ. ಡ್ರಾಯಿಂಗ್ ತಿರುಗಿಸಿದ್ದು ನಾನು. ಮೇಸ್ತ್ರಿಯದು ಏನೂ ತಪ್ಪಿಲ್ಲ.

ಹಿರಿಯರು ಮಗನ ತೋಳು ಬಿಟ್ಟರು. ಚಿತ್ರದ ಮುಂದೆ ಮಂಡಿಯೂರಿ ಕುಳಿತು, ಬೆರಳಿನಿಂದ ನದಿಯನ್ನು ಹಿಡಿದುಕೊಂಡು ಬಂದು ಸೇತುವೆಯನ್ನು ಕಂಡುಹಿಡಿದರು. ಅಲ್ಲಿಂದ ಬೆರಳನ್ನು ಗುಡ್ಡಕ್ಕೆ ದಾಟಿಸಿದರು. ಮಗನ ಕಡೆ ತಲೆಯೆತ್ತಿ ಅರಬ್ಬಿಯಲ್ಲಿ ಒಂದೇ ಒಂದು ಮಾತು ಹೇಳಿದರು. ಮಗ ತಂದೆಯ ಪಕ್ಕದಲ್ಲಿ ತಾನೂ ನೆಲಕ್ಕೆ ಕುಳಿತ.

ಆಮೇಲೆ ಹಿರಿಯರು ನನ್ನನ್ನು ನೋಡಿದರು. ಅವರ ಕಣ್ಣು ಹೊಳೆಯುತ್ತಿತ್ತು.

"ನಾನು ಹೇಳಿದ ಮೇಲೆ ನೀನು ಹೋಗಿ ಹುಡುಕಿದೆಯಾ? ನಾನು ಹೇಳಿದ್ದರಿಂದ ನಿನಗೆ ಸಿಕ್ಕಿತಾ?"

ಎಲ್ಲರೂ ಕಾಯುತ್ತಿದ್ದರು. ಇಲ್ಲ, ನೀವು ಬರುವುದಕ್ಕೆ ಒಂದು ವಾರ ಮೊದಲೇ ನನಗೆ ಗೊತ್ತಿತ್ತು, ಗೊತ್ತಿದ್ದೇ ನಿಮ್ಮ ಮುಖ ನೋಡಿ ಸುಳ್ಳು ಹೇಳಿದೆ ಎನ್ನಬೇಕಿತ್ತು. ಅದನ್ನು ಹೇಳಲೆಂದೇ ಅವರನ್ನು ಕರೆಸಿದ್ದೆ. ಹಿಂದಿಯಲ್ಲಿ ಆ ವಾಕ್ಯವನ್ನು ಬೆಳಿಗ್ಗೆಯೇ ಮನೆಯಲ್ಲಿ ಹೊಂದಿಸಿಕೊಂಡಿದ್ದೆ.

"ಹೌದು ಸರ್. ನೀವು ಹೇಳಿದ ಮೇಲೆ," ಎಂದೆ.

ಅವರು ನಕ್ಕರು. ಮಗನ ಬೆನ್ನು ತಟ್ಟಿದರು. ನಾನು ಮೇಸ್ತ್ರಿಯ ಕಡೆ ನೋಡಲಿಲ್ಲ.

ಪೂರಾ ನದಿಯನ್ನು ಕಿತ್ತು ಹೊಸದಾಗಿ ಹಾಕುತ್ತೇವೆ ಎಂದು ಮ್ಯಾನೇಜರು ಕೈಕಟ್ಟಿ ಹೇಳಿದರು. ಹಿರಿಯರು ಬೇಡವೆಂದರು. ಉಳಿದ ಊರುಗಳಲ್ಲಿ ನಾನು ಇದ್ದವನಲ್ಲ, ಅವು ಹೇಗಾದರೂ ಇರಲಿ, ವೆರೋನಾ ಒಂದನ್ನು ಸರಿ ಮಾಡಿ ಎಂದರು. ಯಲ್ಲಾ, ಶುರು ಮಾಡಿ ಎಂದು ತಾವೇ ಮೇಸ್ತ್ರಿಗೆ ಹೇಳಿದರು.

ಗಾರೆ ಹಿಡಿದ ಕಲ್ಲು ಇಡಿಯಾಗಿ ಏಳುವುದಿಲ್ಲ. ಉಳಿ ಇಟ್ಟು ಹೊಡೆದರೆ ಹತ್ತರಲ್ಲಿ ಎರಡು ಉಳಿಯುತ್ತವೆ. ವೆರೋನಾದ ಕೆಂಪು ಕಲ್ಲು ನಮ್ಮಲ್ಲಿ ಮುಗಿದಿತ್ತು. ಹಿರಿಯರು ತಮ್ಮ ಗೋದಾಮಿನ ಬೀಗ ತೆಗೆಸಿ ಆರಿಸಿಕೊಳ್ಳಿ ಎಂದರು. ವೃತ್ತವನ್ನು ತಿರುಗಿಸಿದಾಗ ನದಿ ಒಳಬರುವ ಜಾಗವೂ ಹೊರಹೋಗುವ ಜಾಗವೂ ಬದಲಾದವು. ಎರಡೂ ಕಡೆ ಎರಡೆರಡು ಮೀಟರ್ ಬಿಚ್ಚಿ, ನೀರಿಗೆ ಹೊಸ ತಿರುವು ಕೊಟ್ಟು, ಹಳೆಯ ನದಿಗೆ ಕೂಡಿಸಬೇಕಾಯಿತು. ಹಾಳೆ ಮಾಡುವಷ್ಟು ಸಮಯವಿರಲಿಲ್ಲ. ಈ ಸಲ ಮಗುಚುವ ಕೆಲಸವೇ ಬೇಡ ಎಂದು ಮೇಸ್ತ್ರಿ ನೆಲದ ಮೇಲೆಯೇ ಗೀಟು ಹಾಕಿಕೊಂಡು ಒಂದೊಂದೇ ಕಲ್ಲನ್ನು ಮುಖ ಮೇಲಾಗಿ ಕೂರಿಸಿದರು. ಹದಿಮೂರು ದಿನ. ನಾನು ಆಫೀಸು ಬಿಟ್ಟು ಅವರ ಪಕ್ಕದಲ್ಲಿ ಕುಳಿತು ಬಣ್ಣದ ಚೂರುಗಳನ್ನು ಆರಿಸಿ ಡಬ್ಬಗಳಿಗೆ ಹಾಕಿದೆ: ಕಡುಕೆಂಪು, ತಿಳಿಗೆಂಪು, ಬಿಳಿ. ಬೇಕಾದಷ್ಟು ಮಾತಾಡಿದೆವು, ಕಲ್ಲಿನ ಬಗ್ಗೆ, ಅವರ ಮಗಳ ಮದುವೆಯ ಬಗ್ಗೆ. ಆ ಬೆಳಿಗ್ಗೆಯ ಬಗ್ಗೆ ಅವರು ಒಂದು ಮಾತೂ ಎತ್ತಲಿಲ್ಲ. ಕಡೆಯ ದಿನ ಬಿಳಿ ಕಮಾನು ಮುಗಿಸಿ, ಸೊಂಟ ನೇರ ಮಾಡಿಕೊಂಡು, ಇದು ಸರಿ ಆತ್ರಿ ಎಂದರು. "ಇದು" ಎನ್ನುವುದನ್ನು ಸ್ವಲ್ಪ ಒತ್ತಿ ಹೇಳಿದಂತೆ ನನಗೆ ಕೇಳಿಸಿತು. ಒತ್ತಿರಲಿಕ್ಕೂ ಇಲ್ಲ.

ಕೆಲಸ ಉಳಿಯಿತು. ಅತಿಥಿಗೃಹ ತೆರೆದ ದಿನ ಮಧ್ಯಾಹ್ನದ ಊಟಕ್ಕೆ ಹಿರಿಯರು ನನ್ನನ್ನು ಹೆಸರು ಹಿಡಿದು ಕರೆಸಿದರು. ಹಜಾರದ ತುಂಬ ಬಿಳಿ ಉಡುಪಿನ ನೆಂಟರು. ಅವರು ಒಬ್ಬೊಬ್ಬರನ್ನೂ ಸೇತುವೆಯ ಮೇಲೆ ನಿಲ್ಲಿಸಿ ಕೈಯನ್ನು ಮುಖಕ್ಕೆ ಅಡ್ಡ ಹಿಡಿದು ತೋರಿಸುತ್ತಿದ್ದರು. ಇಂಜಿನಿಯರುಗಳೆಲ್ಲ ನಾನು ತಪ್ಪು ಎಂದರು, ನಾನು ಹೇಳಿದ ಮೇಲೆ ಈ ಹುಡುಗಿ ಮಾತ್ರ ಹೋಗಿ ನೋಡಿ, ಬಂದು ನಿಜ ಹೇಳಿದಳು ಎಂದು ಹೇಳುತ್ತಿದ್ದರಂತೆ. ನನಗದನ್ನು ಮಗ ಇಂಗ್ಲಿಷಿನಲ್ಲಿ ಹೇಳಿದ. ಅವರ ಒಬ್ಬ ನೆಂಟರು ನನಗೆ ಖರ್ಜೂರದ ತಟ್ಟೆ ಹಿಡಿದರು. ಎರಡು ತೆಗೆದುಕೊಂಡೆ.

ಹೊರಡುವಾಗ ಮಗ ಬಾಗಿಲಿನವರೆಗೆ ಬಂದ. ಅಲ್ಲಿ ನಾವಿಬ್ಬರೇ ಇದ್ದೆವು. ತಂದೆ ಮತ್ತೆ ಅಂಗಡಿಗೆ ಬರುತ್ತಿದ್ದಾರೆ, ಕೀಲಿ ಮಾತ್ರ ಇನ್ನೂ ನನ್ನ ಹತ್ತಿರ ಇದೆ ಎಂದ. ಮರೆವು ಇದೆ, ಅದು ಹೋಗುವುದಿಲ್ಲ. ಆದರೆ ಈಗ ಅವರು ಏನಾದರೂ ಹೇಳಿದರೆ ಇಲ್ಲ ಎನ್ನುವ ಮೊದಲು ನಾನು ಒಮ್ಮೆ ಹೋಗಿ ನೋಡುತ್ತೇನೆ, ಅದು ನಿಮ್ಮಿಂದ ಕಲಿತದ್ದು ಎಂದು ಎದೆಯ ಮೇಲೆ ಕೈಯಿಟ್ಟುಕೊಂಡ.

ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಸಿಗುತ್ತಿರಲಿಲ್ಲ. ಹೇಳಿದ್ದರೆ ಅವನೊಬ್ಬನಿಗೇ ತಿಳಿಯುತ್ತಿತ್ತು. ತಂದೆಗೆ ತಿಳಿಸುವುದೋ ಬೇಡವೋ ಅವನು ನೋಡಿಕೊಳ್ಳುತ್ತಿದ್ದ. ನಾನು ಬಾಯಿ ತೆರೆದೆ. ಗಂಡ ಹೊರಗೆ ಕಾರಿನಲ್ಲಿ ಕಾಯುತ್ತಿದ್ದಾರೆ ಎಂದೆ.

ಗಂಡನ ಶಿಫ್ಟ್ ಮುಗಿಯಲು ಇನ್ನೂ ಎರಡು ಗಂಟೆ ಇತ್ತು. ಮಗ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಅವನಿಗೆ ಕಾಣದಂತೆ ಕಾಂಪೌಂಡಿನ ಮೂಲೆ ತಿರುಗುವವರೆಗೆ ಬೇಗ ಬೇಗ ನಡೆದು, ಅಲ್ಲಿ ಗೋಡೆಗೆ ಒತ್ತಿಕೊಂಡು ಬಿಸಿಲಿನಲ್ಲಿ ನಿಂತೆ.